ಲಾಗೋಸ್–ಅಕ್ರಾ: ಒಂದೇ ಗಂಟೆಯ ಹಾರಾಟ, ಟಿಕೆಟ್ ಮಾತ್ರ ಯಾಕಿಷ್ಟು ದುಬಾರಿ?

ನೈಜೀರಿಯಾದ ಲಾಗೋಸ್ ಮತ್ತು ಘಾನಾ ರಾಜಧಾನಿ ಅಕ್ರಾ ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 400 ಕಿ.ಮೀ. ಬೆಂಗಳೂರು–ಹೈದರಾಬಾದ್ ನಿಲ್ದಾಣಗಳ ನಡುವಿನ ಅಂತರಕ್ಕಿಂತ ತುಸು ಕಡಿಮೆಯೇ. ಹಾರಾಟಕ್ಕೆ ಹೆಚ್ಚೂಕಡಿಮೆ ಒಂದು ಗಂಟೆ ಸಾಕು. ಆದರೂ ಇಲ್ಲಿ ವಿಮಾನ ಹತ್ತುವುದು ಸಾಮಾನ್ಯ ವ್ಯಾಪಾರಿಗೆ, ವಿದ್ಯಾರ್ಥಿಗೆ ಇಂದಿಗೂ ಜೇಬಿಗೆ ಭಾರ.

ಗಡಿಯಾರದ ಗೊಂದಲ

ಗಂಟೆಗೆ 800 ಕಿ.ಮೀ. ವೇಗ ಹಿಡಿದು ಲೆಕ್ಕ ಹಾಕಿದರೆ 400 ಕಿ.ಮೀ.ಗೆ ಅರ್ಧ ಗಂಟೆ ಸಾಕು. ಆದರೆ ರನ್‌ವೇವರೆಗಿನ ಓಡಾಟ, ಮೇಲೇರುವುದು, ಇಳಿಯುವುದು ಸೇರಿದರೆ ಸಮಯ ದುಪ್ಪಟ್ಟಾಗುತ್ತದೆ. ಜೊತೆಗೆ ಲಾಗೋಸ್ ಗಡಿಯಾರ ಅಕ್ರಾಕ್ಕಿಂತ ಒಂದು ಗಂಟೆ ಮುಂದಿದೆ. ಹೀಗಾಗಿ ಲಾಗೋಸ್‌ನಿಂದ 10ಕ್ಕೆ ಹೊರಟವರು ಅಕ್ರಾದಲ್ಲಿ ಇಳಿದಾಗಲೂ ಅಲ್ಲಿನ ಗಡಿಯಾರ 10ರ ಆಸುಪಾಸಿನಲ್ಲೇ ಇರುತ್ತದೆ. ವಾಪಸ್ ಬರುವಾಗ ಅದೇ ಪ್ರಯಾಣ ಎರಡು ಗಂಟೆಯಂತೆ ಕಾಣುತ್ತದೆ.

ರಸ್ತೆಯಲ್ಲಿ ಮೂರು ಗಡಿ

ವಿಮಾನ ಬೇಡವೆಂದರೆ ಕರಾವಳಿ ಹೆದ್ದಾರಿ ಇದೆ. ಆದರೆ ನಡುವೆ ಬೆನಿನ್ ಮತ್ತು ಟೋಗೊ ದೇಶಗಳಿವೆ. ಅಂದರೆ ಮೂರು ಗಡಿಗಳನ್ನು ದಾಟಬೇಕು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಇಕೋವಾಸ್ 1979ರಲ್ಲೇ ಮುಕ್ತ ಸಂಚಾರದ ಒಪ್ಪಂದ ಮಾಡಿಕೊಂಡಿದೆ. ಸದಸ್ಯ ದೇಶಗಳ ನಾಗರಿಕರಿಗೆ 90 ದಿನಗಳವರೆಗೆ ವೀಸಾ ಬೇಕಿಲ್ಲ. ಹಾಗಾಗಿ ಇಲ್ಲಿ ವಿಮಾನ ಪ್ರಯಾಣಕ್ಕೆ ಅಡ್ಡಿ ವೀಸಾ ಅಲ್ಲ, ಟಿಕೆಟ್ ದರ.

ದರ ಏರಿಸುವುದು ಯಾವುದು?

ಮೊದಲನೆಯದು ತೆರಿಗೆ ಮತ್ತು ಶುಲ್ಕ. ದೂರ ಚಿಕ್ಕದಾದರೂ ಇದು ಅಂತರರಾಷ್ಟ್ರೀಯ ಪ್ರಯಾಣ. ನಿಲ್ದಾಣ ಬಳಕೆ, ಭದ್ರತೆ ಎಂದು ವಿಧಿಸುವ ಶುಲ್ಕಗಳು ಕಿ.ಮೀ. ನೋಡಿ ಇಳಿಯುವುದಿಲ್ಲ. ಆದ್ದರಿಂದ ಚಿಕ್ಕ ಮಾರ್ಗದಲ್ಲೇ ಅವುಗಳ ಹೊರೆ ಹೆಚ್ಚು. ಎರಡನೆಯದು, ಆಫ್ರಿಕಾದಲ್ಲಿ ವಿಮಾನ ಇಂಧನ ಜಾಗತಿಕ ಸರಾಸರಿಗಿಂತ ದುಬಾರಿ.

ಮೂರನೆಯದು ಅನುಮತಿ. ಯಾವ ಕಂಪನಿ ಎಷ್ಟು ವಿಮಾನ ಹಾರಿಸಬೇಕು ಎಂಬುದನ್ನು ಬಹುಮಟ್ಟಿಗೆ ಎರಡು ದೇಶಗಳ ನಡುವಿನ ಒಪ್ಪಂದಗಳೇ ನಿರ್ಧರಿಸುತ್ತವೆ. ಮೂರನೇ ದೇಶದ ಕಂಪನಿಗೆ ಅವಕಾಶ ಸುಲಭವಾಗಿ ಸಿಗುವುದಿಲ್ಲ. ಪೈಪೋಟಿ ಇಲ್ಲದ ಕಡೆ ದರ ಇಳಿಯುವುದೂ ಇಲ್ಲ.

ಕಾಗದದ ಮೇಲೆ ಪರಿಹಾರ ಹಳೆಯದು. 1999ರ ಯಮೂಸುಕ್ರೊ ನಿರ್ಧಾರ ಆಫ್ರಿಕಾದ ಆಕಾಶವನ್ನು ಆಫ್ರಿಕಾದ ಕಂಪನಿಗಳಿಗೆ ತೆರೆಯಬೇಕೆಂದಿತು. ಅದನ್ನು ಜಾರಿಗೆ ತರಲು 2018ರ ಜನವರಿಯಲ್ಲಿ ಆಫ್ರಿಕಾ ಒಕ್ಕೂಟವು ಏಕೀಕೃತ ವಾಯುಯಾನ ಮಾರುಕಟ್ಟೆಗೆ ಚಾಲನೆ ನೀಡಿತು. ಆರಂಭದಲ್ಲೇ 23 ದೇಶಗಳು ಸೇರಿದವು. ಆದರೆ ಸಹಿ ಹಾಕಿದ ಅನೇಕ ಸರ್ಕಾರಗಳು ತಮ್ಮ ಕಂಪನಿಗಳ ಹಿತ ನೋಡಿ ಬಾಗಿಲನ್ನು ಅರ್ಧವಷ್ಟೇ ತೆರೆದಿವೆ.

ಈಗ ಏನು ಬದಲಾಗಬಹುದು?

2026ರ ಜನವರಿ 1ರಿಂದ ವಿಮಾನ ಪ್ರಯಾಣದ ಮೇಲಿನ ತೆರಿಗೆ ಕೈಬಿಡಲು, ಪ್ರಯಾಣಿಕ ಹಾಗೂ ಭದ್ರತಾ ಶುಲ್ಕವನ್ನು ಶೇ 25ರಷ್ಟು ಇಳಿಸಲು ಇಕೋವಾಸ್ ನಿರ್ಧರಿಸಿತ್ತು. ಇದು ಸರಿಯಾದ ಹೆಜ್ಜೆ. ಆದರೆ ಸರ್ಕಾರಗಳು ಬಿಟ್ಟುಕೊಟ್ಟ ಹಣ ಪ್ರಯಾಣಿಕನ ಟಿಕೆಟ್‌ನಲ್ಲಿ ಕಾಣಬೇಕಾದರೆ ಮಾರ್ಗದಲ್ಲಿ ಪೈಪೋಟಿಯೂ ಬೇಕು. ಇಲ್ಲವಾದರೆ ತೆರಿಗೆ ವಿನಾಯಿತಿ ಕಂಪನಿಗಳ ಲಾಭಕ್ಕೆ ಸೇರಿಬಿಡಬಹುದು.

ಭಾರತದಲ್ಲೂ ವಿಮಾನಯಾನ ಮಧ್ಯಮ ವರ್ಗದ ಕೈಗೆಟುಕಿದ್ದು 1990ರ ದಶಕದಲ್ಲಿ ಸರ್ಕಾರಿ ಏಕಸ್ವಾಮ್ಯ ಮುರಿದು, ಖಾಸಗಿ ಕಂಪನಿಗಳು ಬಂದ ಮೇಲೆಯೇ. ಲಾಗೋಸ್–ಅಕ್ರಾ ಮಾರ್ಗಕ್ಕೂ ತೆರಿಗೆ ಕಡಿತದ ಜೊತೆ ಇನ್ನಷ್ಟು ಕಂಪನಿಗಳು ಬರಬೇಕಿದೆ. ಆ ಅನುಮತಿ ಕೊಡಬೇಕಾದವರು ಎರಡೂ ರಾಜಧಾನಿಗಳಲ್ಲಿ ಕುಳಿತಿದ್ದಾರೆ.