ಅಗ್ಗದ ಕುದುರೆಯ ಓಟ

ಸಂತೆಯಲ್ಲಿ ಅಗ್ಗಕ್ಕೆ ಕೊಂಡು ತಂದ ಕುದುರೆ ಅರಮನೆಯ ಲಾಯದ ಕುದುರೆಗೆ ಸರಿಸಮನಾಗಿ ಓಡಿತೆಂದರೆ ಕೊಂಡವನಿಗೆ ಆಗುವ ಹಿಗ್ಗು ಇಷ್ಟಿಷ್ಟಲ್ಲ. 1998ನೆಯ ಇಸವಿ ಆಗಸ್ಟ್ 24ರಂದು ಅಂಥದೊಂದು ಕುದುರೆ ಕಂಪ್ಯೂಟರಿನ ಪೇಟೆಗೆ ಬಂದಿತು. ಅಮೆರಿಕದ ಇಂಟೆಲ್ ಸಂಸ್ಥೆ ಅಂದು ಮಾರಾಟಕ್ಕೆ ಬಿಟ್ಟ ಪ್ರೊಸೆಸರುಗಳಲ್ಲಿ ಒಂದು, 450 ಮೆಗಾಹರ್ಟ್ಸ್ ವೇಗದ ಪೆಂಟಿಯಮ್ 2; ಅದರ ಬೆಲೆ 669 ಡಾಲರು. ಇನ್ನೊಂದು, 300 ಮೆಗಾಹರ್ಟ್ಸ್ ವೇಗದ ಸೆಲೆರಾನ್ 300ಎ. ಅದರ ಬೆಲೆ ಕೇವಲ 149 ಡಾಲರು. ಮೊದಲನೆಯದು ಸಿರಿವಂತರಿಗೆ, ಎರಡನೆಯದು ಬಡ ಗಿರಾಕಿಗೆ ಎಂಬುದು ಸಂಸ್ಥೆಯ ಎಣಿಕೆ. ಕೆಲವು ವಾರಗಳಲ್ಲಿಯೇ ಆ ಎಣಿಕೆ ತಲೆಕೆಳಗಾಯಿತು. ಬಡವರ ಪ್ರೊಸೆಸರನ್ನು 450ರ ವೇಗದಲ್ಲಿ ಓಡಿಸುವ ಉಪಾಯವನ್ನು ಹವ್ಯಾಸಿಗಳು ಕಂಡುಕೊಂಡಿದ್ದರು. ಅದೂ ಬಿಡಿಕಾಸಿನ ಖರ್ಚಿಲ್ಲದೆ!

ಉಪಾಯ ತೀರ ಸರಳವಾದುದು. ಪ್ರೊಸೆಸರಿನ ವೇಗವೆಂಬುದು ಎರಡು ಅಂಕಿಗಳ ಗುಣಲಬ್ಧ. ಮದರ್‌ಬೋರ್ಡಿನಲ್ಲಿ ತಾಳ ಹಾಕುವ ಗಡಿಯಾರ ಒಂದುಂಟು. ಅದರ ಒಂದೊಂದು ಬಡಿತಕ್ಕೆ ಪ್ರೊಸೆಸರು ತಾನು ಎಷ್ಟು ಹೆಜ್ಜೆ ಇಡಬೇಕೆಂಬ ಗುಣಕ ಇನ್ನೊಂದು. ಸೆಲೆರಾನಿನ ಗುಣಕ ನಾಲ್ಕೂವರೆ; ಅದನ್ನು ಕಾರ್ಖಾನೆಯಲ್ಲಿಯೇ ಬೀಗ ಹಾಕಿ ಕಳುಹಿಸುತ್ತಿದ್ದರು. ಕಡಿಮೆ ವೇಗದ ಸರಕಿನ ಮೇಲೆ ಹೆಚ್ಚಿನ ಅಂಕಿಯನ್ನು ಅಚ್ಚೊತ್ತಿ ಮಾರುವ ಕಳ್ಳ ವ್ಯಾಪಾರ ಆ ಕಾಲದಲ್ಲಿ ನಡೆಯುತ್ತಿದ್ದುದರಿಂದ ಬೀಗಕ್ಕೆ ಕಾರಣವಿಲ್ಲದಿರಲಿಲ್ಲ. ಆದರೆ ಗಡಿಯಾರಕ್ಕೆ ಬೀಗವಿರಲಿಲ್ಲ. 66 ಮೆಗಾಹರ್ಟ್ಸ್ ತಾಳವನ್ನು 100ಕ್ಕೆ ಏರಿಸಿದರೆ ನಾಲ್ಕೂವರೆಯಿಂದ ಗುಣಿಸಿ 450 ಆಯಿತು. ಅದೇ ವರ್ಷ ಬಂದಿದ್ದ 440ಬಿಎಕ್ಸ್ ಬಗೆಯ ಮದರ್‌ಬೋರ್ಡುಗಳು 100ರ ತಾಳಕ್ಕೆಂದೇ ರಚಿತವಾಗಿದ್ದವು. ಆದುದರಿಂದ ಯಂತ್ರದ ಉಳಿದ ಅಂಗಗಳಿಗೆ ಈ ಬದಲಾವಣೆ ತಿಳಿಯಲೂ ಇಲ್ಲ. ತಾಳ ಬದಲಿಸಲು ಒಪ್ಪದ ಬೋರ್ಡುಗಳೂ ಇದ್ದವು. ಅವುಗಳಿಗಾಗಿ ಪ್ರೊಸೆಸರಿನ ಅಂಚಿನಲ್ಲಿರುವ ಬಿ21 ಎಂಬ ಒಂದೇ ಒಂದು ಲೋಹದ ಪಟ್ಟಿಯನ್ನು ಅಂಟುಪಟ್ಟಿಯಿಂದಲೋ ಉಗುರುಬಣ್ಣದಿಂದಲೋ ಮುಚ್ಚುತ್ತಿದ್ದರು. ಮನೆಯ ಹೆಣ್ಣುಮಕ್ಕಳ ಉಗುರುಬಣ್ಣದ ಶೀಸೆ ಎಲ್ಲಿ ಮಾಯವಾಯಿತೆಂಬುದು ಹಲವು ಸಂಸಾರಗಳಲ್ಲಿ ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿದ್ದಿರಬೇಕು.

ಹೀಗೆ ಪ್ರೊಸೆಸರನ್ನು ಅದರ ಮೇಲೆ ಬರೆದ ವೇಗಕ್ಕಿಂತ ಹೆಚ್ಚಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಬರೆದ ವೇಗಕ್ಕಿಂತ ಹೆಚ್ಚಿನ ಶಕ್ತಿ ಅದರಲ್ಲಿ ಬಂದುದಾದರೂ ಎಲ್ಲಿಂದ? ಒಂದೇ ಸಿಲಿಕಾನ್ ಬಿಲ್ಲೆಯಿಂದ ನೂರಾರು ಚಿಪ್ಪುಗಳನ್ನು ಕೊಯ್ಯುತ್ತಾರೆ. ಒಂದೇ ಬಳ್ಳಿಯ ಕಾಯಿಗಳಂತೆ ಅವುಗಳಲ್ಲಿ ಕೆಲವು ಉತ್ತಮ, ಕೆಲವು ಸಾಧಾರಣ. ಪರೀಕ್ಷಿಸಿ, ವಿಂಗಡಿಸಿ, ವೇಗದ ಮುದ್ರೆ ಒತ್ತುತ್ತಾರೆ. ಆದರೆ ಪೇಟೆಯಲ್ಲಿ ಅಗ್ಗದ ಸರಕಿಗೇ ಬೇಡಿಕೆ ಹೆಚ್ಚು. ಆಗ ಉತ್ತಮವಾದ ಚಿಪ್ಪೂ ಸಾಧಾರಣದ ಮುದ್ರೆ ಹೊತ್ತು ಹೊರಡಬೇಕಾಗುತ್ತದೆ. ಅದರ ಮೇಲೆ, ಧೂಳು ತುಂಬಿದ ಪೆಟ್ಟಿಗೆಯಲ್ಲಿ, ಸೆಕೆಯ ಊರಿನಲ್ಲಿ, ಹತ್ತು ವರ್ಷವಾದರೂ ತಪ್ಪದೆ ನಡೆಯಲಿ ಎಂದು ಕಾರ್ಖಾನೆಯವರು ಕೊಂಚ ಅಂತರವನ್ನು ಬಿಟ್ಟಿರುತ್ತಾರೆ. ಹವ್ಯಾಸಿಯು ಕೈಹಾಕುವುದು ಈ ಅಂತರಕ್ಕೆ.

ಇಲ್ಲಿಗೆ ಕಥೆಯ ಸಿಹಿಭಾಗ ಮುಗಿಯಿತು. ವೇಗ ಪುಕ್ಕಟೆಯಾಗಿ ಬರುವುದಿಲ್ಲ. ಅದರ ಬೆಲೆಯನ್ನು ಶಾಖದ ರೂಪದಲ್ಲಿ ತೆರಬೇಕು. ವೇಗ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಶಾಖವೂ ಹೆಚ್ಚುತ್ತದೆ. ಆದರೆ ಹೆಚ್ಚಿನ ವೇಗದಲ್ಲಿ ತಪ್ಪದೆ ನಡೆಯಲು ಪ್ರೊಸೆಸರು ಹೆಚ್ಚು ವೋಲ್ಟೇಜನ್ನು ಬೇಡುತ್ತದೆ. ವೋಲ್ಟೇಜು ಹೆಚ್ಚಿದರೆ ಶಾಖ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. 3.1 ಗಿಗಾಹರ್ಟ್ಸ್ ವೇಗದ ಪ್ರೊಸೆಸರನ್ನು 3.8ಕ್ಕೆ ಏರಿಸಿ, ಅದಕ್ಕಾಗಿ 1.2 ವೋಲ್ಟನ್ನು 1.35 ಮಾಡಿದರೆ ವೇಗದಲ್ಲಿ ದೊರೆಯುವ ಲಾಭ ನೂರಕ್ಕೆ 23. ಶಾಖದಲ್ಲಿ ಆಗುವ ಏರಿಕೆ ನೂರಕ್ಕೆ 55! ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡದೆ ಕೈಹಾಕುವವರೇ ಹೆಚ್ಚು.

ಶಾಖವನ್ನು ಅಲಕ್ಷಿಸಿದರೆ ಆಗುವುದೇನೆಂಬುದನ್ನು 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪತ್ರಿಕೆಯವರು ಚಲಚ್ಚಿತ್ರ ತೆಗೆದೇ ತೋರಿಸಿದರು. ಓಡುತ್ತಿರುವ ಪ್ರೊಸೆಸರುಗಳ ಮೇಲಿನ ತಂಪುಕಾರಕ ಲೋಹದ ಗಟ್ಟಿಯನ್ನು ಅವರು ಕಿತ್ತು ತೆಗೆದರು. ಪೆಂಟಿಯಮ್ 4 ತನ್ನ ಓಟವನ್ನು ತಾನೇ ನಿಧಾನಗೊಳಿಸಿ ಬದುಕಿಕೊಂಡಿತು. ಪೆಂಟಿಯಮ್ 3 ಸ್ತಬ್ಧವಾಯಿತು, ಸಾಯಲಿಲ್ಲ. ಎಎಂಡಿ ಸಂಸ್ಥೆಯ ಆಗಿನ ಅಥ್ಲಾನ್‌ಗೆ ಮಾತ್ರ ಅಂಥ ಆತ್ಮರಕ್ಷಣೆ ಇರಲಿಲ್ಲ. ಕಣ್ಣೆವೆ ಇಕ್ಕುವಷ್ಟರಲ್ಲಿ ಅದು ಹೊಗೆಯಾಡಿ ಸುಟ್ಟುಹೋಯಿತು. ಇಂದಿನ ಪ್ರೊಸೆಸರುಗಳೆಲ್ಲ, ಎಎಂಡಿಯವೂ ಸೇರಿದಂತೆ, ಮೊದಲನೆಯ ಜಾತಿಗೆ ಸೇರಿದವು. ಮಿತಿಮೀರಿ ಕಾದರೆ ತಾವೇ ವೇಗ ತಗ್ಗಿಸುತ್ತವೆ, ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಆರಿಸಿಬಿಡುತ್ತವೆ. ಆದುದರಿಂದ ಇಂದು ಬೆಂಕಿಯ ಭಯ ಕಡಿಮೆ.

ಬೇರೊಂದು ಭಯ ಉಳಿದಿದೆ. ಅದು ಹೊಗೆಯಂತೆ ಕಣ್ಣಿಗೆ ಕಾಣುವುದಿಲ್ಲ. ಶಕ್ತಿಗೆ ಮೀರಿ ಓಡುತ್ತಿರುವ ಪ್ರೊಸೆಸರು ಯಾವಾಗಲೂ ಮುಗ್ಗರಿಸಿ ಬೀಳುತ್ತದೆಂದಿಲ್ಲ. ಒಮ್ಮೊಮ್ಮೆ ಅದು ನಡೆಯುತ್ತಲೇ ಇದ್ದು, ಕೋಟ್ಯಂತರ ಲೆಕ್ಕಗಳಲ್ಲಿ ಒಂದನ್ನು ತಪ್ಪಾಗಿ ಮಾಡುತ್ತದೆ. ಆ ತಪ್ಪು ಮನೆಯ ಹಣಕಾಸಿನ ಪಟ್ಟಿಯಲ್ಲಿ ಸೇರಬಹುದು. ಮಗಳ ಪ್ರಬಂಧದ ಕಡತವನ್ನು ತೆರೆಯಲಾಗದಂತೆ ಕೆಡಿಸಬಹುದು. ತೀರಿಕೊಂಡ ಅಜ್ಜಿಯ ಭಾವಚಿತ್ರದಲ್ಲಿ ಅಳಿಸಲಾಗದ ಗೀರಾಗಿ ಉಳಿಯಬಹುದು. ಸತ್ತ ಯಂತ್ರಕ್ಕೆ ಬದಲಿ ಯಂತ್ರ ದೊರೆಯುತ್ತದೆ. ಸುಳ್ಳು ಹೇಳಿದ ಯಂತ್ರ ಎಲ್ಲೆಲ್ಲಿ ಸುಳ್ಳು ಹೇಳಿತೆಂದು ಹುಡುಕುವುದು ಹೇಗೆ? ಕಾರ್ಖಾನೆಯವರೇ ಇದರಲ್ಲಿ ಎಡವಿದ್ದುಂಟು. ಎಎಂಡಿಯೊಡನೆ ಪೈಪೋಟಿಗೆ ಬಿದ್ದ ಇಂಟೆಲ್ 2000ನೆಯ ಇಸವಿ ಜುಲೈ ಕೊನೆಯಲ್ಲಿ 1.13 ಗಿಗಾಹರ್ಟ್ಸ್ ಪೆಂಟಿಯಮ್ 3 ಅನ್ನು ಹೊರತಂದಿತು. ಟಾಮ್ಸ್ ಹಾರ್ಡ್‌ವೇರಿನ ಸ್ಥಾಪಕ, ಜರ್ಮನಿಯ ವೈದ್ಯ ಥಾಮಸ್ ಪಾಬ್ಸ್ಟ್ ಅದನ್ನು ಪರೀಕ್ಷಿಸಿದಾಗ, ಲಿನಕ್ಸಿನ ತಿರುಳನ್ನು ಸಂಕಲಿಸುವ ದೀರ್ಘ ಕೆಲಸವನ್ನು ಅದು ಮುಗಿಸಲಾರದೆ ಹೋಯಿತು. ಇತರ ಪರೀಕ್ಷಕರಿಗೂ ಅಂಥದೇ ಅನುಭವವಾಯಿತು. ಆಗಸ್ಟ್ ಮುಗಿಯುವುದರೊಳಗೆ ಇಂಟೆಲ್ ಆ ಸರಕನ್ನೆಲ್ಲ ಹಿಂದಕ್ಕೆ ಕರೆಸಿಕೊಂಡಿತು. ದೊಡ್ಡ ಕಾರ್ಖಾನೆಗೇ ಹೀಗಾದ ಮೇಲೆ ಮನೆಯ ಮೇಜಿನ ಮೇಲೆ ಪ್ರಯೋಗ ಮಾಡುವವನು ಎಷ್ಟು ಜಾಗರೂಕನಾಗಿರಬೇಕು!

ಜಾಗರೂಕತೆಯ ರೀತಿಯನ್ನು ಒಂದು ಉದಾಹರಣೆಯಿಂದ ನೋಡಬಹುದು. 2017ರ ಜುಲೈಯಲ್ಲಿ 109 ಡಾಲರಿಗೆ ಬಂದ ಎಎಂಡಿಯ ರೈಜೆನ್ 3 1200 ಅಗ್ಗದ ಪ್ರೊಸೆಸರುಗಳಲ್ಲಿ ಹೆಸರಾದುದು. ನಾಲ್ಕು ಮಿದುಳು, ಮೂಲವೇಗ 3.1 ಗಿಗಾಹರ್ಟ್ಸ್, ತಾನಾಗಿ 3.4ರವರೆಗೆ ಏರಬಲ್ಲುದು, ಉಷ್ಣತೆಯ ಗರಿಷ್ಠ ಮಿತಿ 95 ಡಿಗ್ರಿ ಸೆಲ್ಸಿಯಸ್. ಇದರ ಗುಣಕಕ್ಕೆ ಬೀಗವಿಲ್ಲ. ಆದರೆ ಮದರ್‌ಬೋರ್ಡು ಒಪ್ಪಬೇಕು: ಬಿ350 ಬಗೆಯದು ಒಪ್ಪುತ್ತದೆ, ಅದಕ್ಕಿಂತ ಅಗ್ಗದ ಎ320 ಒಪ್ಪುವುದಿಲ್ಲ. ಇಂಥ ಯಂತ್ರವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸಿದ ವಿದ್ಯಾರ್ಥಿಗಳು ಹಲವರುಂಟು.

ಮೊದಲ ಕೆಲಸ ವೇಗ ಏರಿಸುವುದಲ್ಲ. ಮನೆಯ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಇಳಿಸಿ ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಇಡಬೇಕು. ಆಮೇಲೆ ಯಂತ್ರ ತನ್ನ ಸಹಜ ಸ್ಥಿತಿಯಲ್ಲಿ ಎಷ್ಟು ಕಾಯುತ್ತದೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಎಚ್‌ಡಬ್ಲ್ಯು ಇನ್ಫೋ ಎಂಬ ಉಚಿತ ತಂತ್ರಾಂಶ ಉಷ್ಣತೆ, ವೋಲ್ಟೇಜು, ವೇಗ ಮೂರನ್ನೂ ಗಳಿಗೆಗೊಮ್ಮೆ ತೋರಿಸುತ್ತದೆ. ಕನಿಷ್ಠ ಗರಿಷ್ಠಗಳನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಸುಮ್ಮನೆ ಕುಳಿತ ಯಂತ್ರದ ಉಷ್ಣತೆಯನ್ನು ಓದಿ ಸಮಾಧಾನಪಡುವುದು, ಮಲಗಿರುವವನ ನಾಡಿ ನೋಡಿ ಅವನು ಬೆಟ್ಟ ಹತ್ತಬಲ್ಲನೆಂದು ಹೇಳಿದಂತೆ. ದುಡಿಸಿಯೇ ನೋಡಬೇಕು. ದುಡಿಸಲು ಪ್ರೈಮ್95 ಎಂಬ ತಂತ್ರಾಂಶ ಪ್ರಸಿದ್ಧವಾದುದು. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು 1996ರಲ್ಲಿ ಆರಂಭವಾದ ಸಾಮೂಹಿಕ ಗಣಿತಕಾರ್ಯದಲ್ಲಿ ಅದರ ಮೂಲ. ತನ್ನ ಲೆಕ್ಕವನ್ನು ಗೊತ್ತಿರುವ ಉತ್ತರದೊಡನೆ ಹೋಲಿಸಿ ತಪ್ಪನ್ನು ತಾನೇ ಸಾರುವುದರಿಂದ ಹವ್ಯಾಸಿಗಳಿಗೆ ಅದು ಒರೆಗಲ್ಲಾಯಿತು. ಸಹಜ ವೇಗದಲ್ಲಿಯೇ ಅರ್ಧ ಗಂಟೆಯ ದುಡಿತಕ್ಕೆ ಉಷ್ಣತೆ 80 ಡಿಗ್ರಿ ಮುಟ್ಟಿದರೆ ಪ್ರಯೋಗವನ್ನು ಅಲ್ಲಿಗೆ ನಿಲ್ಲಿಸಿ, ಧೂಳು ಕೊಡವಿ, ಪ್ರೊಸೆಸರಿಗೂ ತಂಪುಕಾರಕಕ್ಕೂ ನಡುವಣ ಲೇಪವನ್ನು ಹೊಸದಾಗಿ ಹಚ್ಚುವುದೇ ಸರಿ.

ಉಷ್ಣಮಾಪಕದ ಮಾತನ್ನೂ ಅರಿತು ನಂಬಬೇಕು. ಇದೇ ಬಳಗದ ರೈಜೆನ್ 7 1700ಎಕ್ಸ್ ಮತ್ತು 1800ಎಕ್ಸ್‌ಗಳಲ್ಲಿ ತೋರಿಬರುತ್ತಿದ್ದ ಅಂಕಿ ನಿಜವಾದ ಉಷ್ಣತೆಗಿಂತ 20 ಡಿಗ್ರಿ ಹೆಚ್ಚು. ಫ್ಯಾನುಗಳು ಬೇಗ ಎಚ್ಚರಗೊಳ್ಳಲೆಂದು ಎಎಂಡಿಯೇ ಮಾಡಿದ್ದ ಏರ್ಪಾಡು ಅದು. 1200ರಲ್ಲಿ ಆ ಅಂತರವಿಲ್ಲ. ಇನ್ನು ಅಗ್ಗದ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಭಾಗಕ್ಕೆ ಲೋಹದ ಹೊದಿಕೆಯಾಗಲಿ ಉಷ್ಣಮಾಪಕವಾಗಲಿ ಇರದಿರುವುದುಂಟು. ಪ್ರೊಸೆಸರು ತಂಪಾಗಿಯೇ ಇದ್ದು, ಪಕ್ಕದ ಈ ಭಾಗ ಬೆಂದುಹೋಗುತ್ತಿರಬಹುದು. ತೆರೆಯ ಮೇಲಿನ ಅಂಕಿಗಳು ಅದನ್ನು ಹೇಳವು. ಅಂಥ ಬೋರ್ಡಿನಲ್ಲಿ ವೋಲ್ಟೇಜನ್ನು ಮುಟ್ಟದೆ ದೊರೆತಷ್ಟು ವೇಗಕ್ಕೆ ತೃಪ್ತಿಪಡುವುದು ಬುದ್ಧಿವಂತಿಕೆ.

ಆಮೇಲಿನದು ತಾಳ್ಮೆಯ ಕೆಲಸ. ಬಯಾಸ್ ಎಂಬ ಮೂಲ ವ್ಯವಸ್ಥೆಯನ್ನು ಹೊಕ್ಕು ಗುಣಕವನ್ನು 34ಕ್ಕೆ ಇಟ್ಟು ಆರಂಭಿಸಿ, ಒಮ್ಮೆಗೆ ಒಂದರಂತೆ, ಅಂದರೆ 100 ಮೆಗಾಹರ್ಟ್ಸಿನಂತೆ ಏರಿಸುವುದು. ಪ್ರತಿ ಮೆಟ್ಟಿಲಲ್ಲೂ ದುಡಿಸಿ, ಗರಿಷ್ಠ ಉಷ್ಣತೆಯನ್ನು ಬರೆದಿಡುವುದು. ತಪ್ಪು ಕಾಣಿಸಿದಲ್ಲಿ ವೋಲ್ಟೇಜನ್ನು ಎಳ್ಳಷ್ಟು, 0.025 ವೋಲ್ಟಿನಷ್ಟು, ಹೆಚ್ಚಿಸಿ ಮತ್ತೆ ನೋಡುವುದು. 1.35 ವೋಲ್ಟನ್ನು ಗೆರೆಯೆಂದು ಭಾವಿಸಿ ದಾಟದಿರುವುದು ಕ್ಷೇಮ. ವೋಲ್ಟೇಜನ್ನು ‘ತಾನಾಗಿ’ ಎಂಬ ಆಯ್ಕೆಗೆ ಬಿಡುವುದು ಸೋಮಾರಿಯ ದಾರಿ. ಬೋರ್ಡುಗಳು ಉದಾರವಾಗಿ ಅಗತ್ಯಕ್ಕಿಂತ ಹೆಚ್ಚು ಸುರಿಯುತ್ತವೆ. ಯಂತ್ರ ಎದ್ದೇಳದೆ ಹೋದರೆ ಗಾಬರಿಗೆ ಕಾರಣವಿಲ್ಲ: ವಿದ್ಯುತ್ ಸಂಪರ್ಕ ತೆಗೆದು, ಮದರ್‌ಬೋರ್ಡಿನ ಪುಟ್ಟ ಗುಂಡು ಬ್ಯಾಟರಿಯನ್ನು ಕೆಲವು ನಿಮಿಷ ಹೊರತೆಗೆದಿಟ್ಟರೆ ಹಾಕಿದ್ದ ಹೊಸ ಅಂಕಿಗಳನ್ನು ಸಾಮಾನ್ಯವಾಗಿ ಅದು ಮರೆಯುತ್ತದೆ. ಕೊನೆಗೆ ನಿಂತ ಅಂಕಿಯಿಂದ ಒಂದು ಮೆಟ್ಟಿಲು ಕೆಳಗಿಳಿದು, ಒಂದಿಡೀ ರಾತ್ರಿ ದುಡಿಸಿ, ಬೆಳಗ್ಗೆ ಒಂದೂ ತಪ್ಪಿಲ್ಲದಿದ್ದರೆ ಮಾತ್ರ ಮನೆಯ ಕೆಲಸಕ್ಕೆ ಒಪ್ಪಿಸಬಹುದು. ಕಾರ್ಖಾನೆಯ ಭರವಸೆಯ ಪತ್ರ ಇಂಥ ಪ್ರಯೋಗದಿಂದಾದ ಹಾನಿಗೆ ಅನ್ವಯಿಸದೆಂಬುದನ್ನು ಮನೆಯ ಯಜಮಾನರಿಗೆ ಮೊದಲೇ ತಿಳಿಸಿರುವುದು ನ್ಯಾಯ.

ಇಷ್ಟೆಲ್ಲ ಮಾಡಿ ದೊರೆಯುವುದೇನು? 3.8 ಗಿಗಾಹರ್ಟ್ಸ್ ದಕ್ಕಿದರೆ, ಮೂಲವೇಗಕ್ಕೆ ಹೋಲಿಸಿ ನೂರಕ್ಕೆ 23. ತಾನಾಗಿಯೇ ಏರುತ್ತಿದ್ದ 3.4ಕ್ಕೆ ಹೋಲಿಸಿದರೆ ನೂರಕ್ಕೆ 12ಕ್ಕಿಂತ ಕಡಿಮೆ. ಸೆಲೆರಾನ್ ಕೊಟ್ಟ ನೂರಕ್ಕೆ 50ರ ಕಾಲ ಹಿಂದಾಯಿತು. ಹೊಸ ಪ್ರೊಸೆಸರುಗಳನ್ನು ಕಾರ್ಖಾನೆಯವರೇ ಅಂಚಿನವರೆಗೆ ಓಡಿಸಿ ಕಳುಹಿಸುತ್ತಾರೆ. ಆ ಅಂಚು ಎಷ್ಟು ತೆಳುವೆಂಬುದು 2024ರಲ್ಲಿ ಕಂಡಿತು: ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹಲವು, ಮಿತಿಮೀರಿದ ವೋಲ್ಟೇಜಿನ ಕಾರಣ ಕಾಲಕ್ರಮದಲ್ಲಿ ಸವೆದು ಅಸ್ಥಿರವಾದವು. ಅವನ್ನು ಕೊಂಡವರಲ್ಲಿ ಅನೇಕರು ಯಾವ ಅಂಕಿಯನ್ನೂ ಮುಟ್ಟಿರಲಿಲ್ಲ. ಸಂಸ್ಥೆ ಭರವಸೆಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿ, ವೋಲ್ಟೇಜನ್ನು ಹತೋಟಿಯಲ್ಲಿಡುವ ತಿದ್ದುಪಡಿಯನ್ನು ಹೊರಡಿಸಬೇಕಾಯಿತು. ಸವೆದುಹೋದ ಚಿಪ್ಪನ್ನು ಮಾತ್ರ ಯಾವ ತಿದ್ದುಪಡಿಯೂ ಮೊದಲಿನಂತೆ ಮಾಡಲಾರದು.

ಋತುಮಾನದ ಮಾತೊಂದು ಉಳಿಯಿತು. ತಂಪುಕಾರಕವು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆ ಎಷ್ಟು ಡಿಗ್ರಿ ಏರಿತೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ, 24 ಡಿಗ್ರಿಯ ಕೋಣೆಯಲ್ಲಿ, 76 ಡಿಗ್ರಿಗೆ ನಿಂತು ಇಡೀ ರಾತ್ರಿಯ ಪರೀಕ್ಷೆ ಗೆದ್ದ ಯಂತ್ರವನ್ನು ರಜೆಗೆಂದು ಕಲಬುರಗಿಗೋ ರಾಯಚೂರಿಗೋ ಒಯ್ದು, ಮೇ ತಿಂಗಳ ಮಧ್ಯಾಹ್ನದಲ್ಲಿ 40 ಡಿಗ್ರಿಯ ಕೋಣೆಯಲ್ಲಿ ಹಚ್ಚಿದರೆ ಅದೇ ದುಡಿತಕ್ಕೆ ಅದು 92ರ ಸುತ್ತ ಸುಳಿಯುತ್ತದೆ. ಮಾರ್ಚ್ ತಿಂಗಳಲ್ಲಿ ಒಂದು ಭಾನುವಾರ, ಫ್ಯಾನಿನ ಧೂಳನ್ನು ಕುಂಚದಿಂದ ಕೊಡವಿ, ಅರ್ಧ ಗಂಟೆಯ ಪರೀಕ್ಷೆಯನ್ನು ಮತ್ತೆ ನಡೆಸಿ, ಬೇಸಗೆಯ ಮಟ್ಟಿಗೆ ಗುಣಕವನ್ನು ಎರಡು ಮೆಟ್ಟಿಲು ಇಳಿಸಿ, ಹೊಸ ಅಂಕಿಯನ್ನು ಡಿಸೆಂಬರಿನ ಅಂಕಿಯ ಕೆಳಗೆ ಬರೆದಿಡಬೇಕು.