ಲೀಕ್ ಹುಡುಕುವುದಕ್ಕೂ ಕೂಲಿ ಕೊಡಿ

ಹಳೇ ಮಾರುತಿ 800 ತಂದವರು ನನ್ನ ಗ್ಯಾರೇಜಿನ ಬಾಗಿಲಲ್ಲೇ ಕೇಳುವ ಪ್ರಶ್ನೆ: ‘ಗೇರ್‌ಬಾಕ್ಸ್ ಇಳಿಸಬೇಕಂತೆ, ಎಷ್ಟಾಗುತ್ತೆ?’ ಏನು ನೋಡಿ ಹಾಗೆ ಹೇಳಿದರು ಎಂದು ವಿಚಾರಿಸಿದರೆ, ಕಾರಿನಡಿ ಎಣ್ಣೆ ಬಿದ್ದಿತ್ತು ಎನ್ನುವುದರಾಚೆ ಉತ್ತರವಿಲ್ಲ. ಎಣ್ಣೆ ಬಿದ್ದ ಜಾಗ ನೋಡಿ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಈ ಅಭ್ಯಾಸ ನಿಲ್ಲಬೇಕು.

ಕಾರ್ಬುರೇಟರ್ ಕಾಲದ 800ರಲ್ಲಿ ಡಿಸ್ಟ್ರಿಬ್ಯೂಟರ್ ಕೂತಿರುವುದು ಸಿಲಿಂಡರ್ ಹೆಡ್ಡಿನ ತುದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ. ಅದರ ಓ-ರಿಂಗ್ ಬಿಸಿಗೆ ಬೆಂದು ಗಡುಸಾದರೆ ಎಣ್ಣೆ ಅಲ್ಲಿಂದ ಜಿನುಗಿ, ಬೆಲ್ ಹೌಸಿಂಗ್ ಮೇಲೆ ಹರಿದು, ಕೆಳತುದಿಯಲ್ಲಿ ತೊಟ್ಟಿಕ್ಕುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲ್ ಹೋದರೂ ತೊಟ್ಟಿಕ್ಕುವುದು ಅಲ್ಲೇ. ಮೊದಲನೆಯದಕ್ಕೆ ಬೇಕಾದ್ದು ಒಂದು ಚಿಕ್ಕ ರಿಂಗು, ಟೈಮಿಂಗ್ ಕೆಡದಂತೆ ಗುರುತು ಹಾಕಿ ಬಿಚ್ಚುವ ಎಚ್ಚರ. ಎರಡನೆಯದಕ್ಕೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಕಳಚಬೇಕು. ತಪ್ಪಾಗಿ ಇಳಿಸಿದ ಗೇರ್‌ಬಾಕ್ಸಿನ ಖರ್ಚು ಮಾಲೀಕರ ತಲೆಗೆ, ಲೀಕ್ ಮಾತ್ರ ಇದ್ದಲ್ಲೇ.

ಆದ್ದರಿಂದ ಮೊದಲು ತೊಳೆಯಿರಿ. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್‌ಗಳಿಗೆ ಪ್ಲಾಸ್ಟಿಕ್ ಸುತ್ತಿ, ಹಳೇ ಜಿಡ್ಡೆಲ್ಲ ತೆಗೆದು, ಒಣಗಿಸಿ, ಅನುಮಾನವಿರುವ ಕಡೆ ಟಾಲ್ಕಂ ಪೌಡರ್ ಉದುರಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ಬಂದು ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ. ಟ್ಯಾಪೆಟ್ ಕವರಿನ ಪ್ಯಾಕಿಂಗ್, ಕ್ಯಾಮ್ ಸೀಲ್, ಆಯಿಲ್ ಪ್ರೆಶರ್ ಸ್ವಿಚ್, ಆಮೇಲೆ ಆಯಿಲ್ ಚೇಂಬರ್. ಪೌಡರ್ ಎಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ನೆಂದಿದೆಯೋ ಅಲ್ಲಿಂದ ಹುಡುಕಾಟ ಶುರು. ಗಾಳಿಗೆ ಎಣ್ಣೆ ಹಿಂದಕ್ಕೆ ಹಾರುವುದೂ ಉಂಟು, ಅದಕ್ಕೇ ಅವಸರ ಸಲ್ಲದು.

ಯಾವ ಎಣ್ಣೆ ಎಂದು ತಿಳಿಯಲು ಬೆರಳಿಗೆ ಸವರಿಕೊಂಡು ಮೂಸಿ ನೋಡಿ. ಓಡಿದ ಎಂಜಿನ್ ಆಯಿಲ್ ಕಪ್ಪಗಿರುತ್ತದೆ. ಗೇರ್ ಆಯಿಲ್ ಮಂದ, ಗಂಧಕದ ಘಾಟು. ಚಕ್ರಗಳಿಗೆ ಹೋಗುವ ಎಕ್ಸೆಲ್ ಗೇರ್‌ಬಾಕ್ಸಿಗೆ ಸೇರುವ ಕಡೆ ಈ ಘಾಟು ಸಿಕ್ಕರೆ ಅಲ್ಲಿನ ಸೀಲ್ ಹೋಗಿದೆ ಎಂದರ್ಥ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸುವುದು ಬೇಡ. ನನಗೆ ಹೆಚ್ಚು ಭಯ ಗೇರ್ ಆಯಿಲ್ ಸೋರಿದಾಗಲೇ. ಎಂಜಿನ್ನಿಗಾದರೆ ಅಳತೆ ಕಡ್ಡಿಯಿದೆ, ಕೆಂಪು ದೀಪವಿದೆ. ಗೇರ್‌ಬಾಕ್ಸಿಗೆ ಆ ದೀಪವಿಲ್ಲ. ಬೇರಿಂಗ್ ಕೂಗಿದಾಗ ತಿಳಿದರೆ ತಡವಾಯಿತು.

ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತಿದೆಯೇ? ಪಿಸಿವಿ ವಾಲ್ವ್ ಬಿಚ್ಚಿ ನೋಡಿ. ಅದು ಮಸಿ ಕಟ್ಟಿಕೊಂಡರೆ ಎಂಜಿನ್ನಿನೊಳಗೆ ಒತ್ತಡ ಏರಿ ಎಣ್ಣೆಯನ್ನು ಸೀಲಿನಾಚೆ ತಳ್ಳುತ್ತದೆ. ಪಿಸ್ಟನ್ ರಿಂಗ್ ಸವೆದಿದ್ದರೂ ಹಾಗೆಯೇ. ಶಾಫ್ಟಿನ ಮೇಲೆ ಸೀಲಿನ ತುಟಿ ಗೀರಿದ ಗೆರೆ ಬಿದ್ದಿದ್ದರೆ, ಎಷ್ಟು ಒಳ್ಳೆಯ ಸೀಲ್ ತಂದರೂ ನಿಲ್ಲದು.

ಇಷ್ಟೆಲ್ಲ ನೋಡಲು ಅರ್ಧ ದಿನ ಹಿಡಿಯುತ್ತದೆ. ನಮ್ಮಲ್ಲಿ ಪಾರ್ಟ್ಸಿಗೆ ಕೊಡುತ್ತಾರೆ, ಬಿಚ್ಚಿ ಹಾಕಿದ್ದಕ್ಕೆ ಕೊಡುತ್ತಾರೆ. ಹುಡುಕಿದ್ದಕ್ಕೆ ಮಾತ್ರ ‘ಬರೀ ನೋಡಿದ್ದಕ್ಕೂ ದುಡ್ಡಾ?’ ಎನ್ನುತ್ತಾರೆ. ಹಾಗಿದ್ದಾಗ ಯಾವ ಮೆಕ್ಯಾನಿಕ್ ಹುಡುಕುತ್ತಾನೆ? ಕೊನೆಯ 800 ತಯಾರಾದದ್ದು 2014ರಲ್ಲಿ. ಇವುಗಳ ರಬ್ಬರಿಗೆಲ್ಲ ವಯಸ್ಸಾಗಿದೆ, ಇನ್ನೂ ಸೋರುವುದಿದೆ. ಬಿಲ್ಲಿನಲ್ಲಿ ‘ಲೀಕ್ ತಪಾಸಣೆ’ ಎಂದು ಬೇರೆಯೇ ಬರೆಸಿ, ಅದರ ಹಣ ಕೊಡಿ. ಕೊಟ್ಟ ಮೇಲೆ, ಗೇರ್‌ಬಾಕ್ಸಿಗೆ ಕೈ ಹಚ್ಚುವ ಮುಂಚೆ, ಎಣ್ಣೆ ಹೊರಡುವ ಜಾಗಕ್ಕೆ ಟಾರ್ಚ್ ಬಿಟ್ಟು ತೋರಿಸಿ ಎಂದು ಕೇಳಿ.