ಊರು ಮಂಕಾದರೆ ಕಾಲವನ್ನೇಕೆ ದೂರಬೇಕು?

ಅಮೆರಿಕದ ರೂಟ್ 66ರ ಫೋಟೊಗಳನ್ನು ನಾಲ್ಕು ನೋಡಿದವರಿಗೆ ಐದನೆಯದರಲ್ಲಿ ಏನಿರುತ್ತದೆಂದು ಮೊದಲೇ ಗೊತ್ತಿರುತ್ತದೆ. ತುಕ್ಕು ಹಿಡಿದ ಪೆಟ್ರೋಲ್ ಬಂಕು, ಅಕ್ಷರ ಉದುರಿದ ಮೋಟೆಲ್ ಬೋರ್ಡು, ಗಾಜಿಲ್ಲದ ಕಿಟಕಿ, ಮೇಲೆ ಧಾರಾಳವಾದ ಆಕಾಶ. ಶಿಕಾಗೊದಿಂದ ಸಾಂಟಾ ಮೋನಿಕಾದವರೆಗೆ ಎಂಟು ರಾಜ್ಯಗಳನ್ನು ಹಾಯುವ, ಸುಮಾರು 3,900 ಕಿಲೋಮೀಟರಿನ ಈ ಹೆದ್ದಾರಿ ಹುಟ್ಟಿದ್ದು 1926ರಲ್ಲಿ. ಅಂದಿನಿಂದ ಇದನ್ನು ಹಿಡಿದು ಹೋದ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ. ಆ ಚಿತ್ರಗಳ ಸೊಗಸಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅವು ಮಾತಿಲ್ಲದೆ ಹೇಳಿಬಿಡುವ ಕಥೆಯ ಬಗ್ಗೆ: ಕಾಲ ಸರಿಯಿತು, ಊರು ಸವೆಯಿತು, ಯಾರೇನು ಮಾಡಲಾದೀತು!

ಆದರೆ ಬಂಕಿಗೆ ತುಕ್ಕು ಹಿಡಿಯುವ ಮೊದಲೇ ಗಿರಾಕಿ ಬರುವುದು ನಿಂತಿತ್ತು. ಅದಕ್ಕೆ ತಾರೀಖಿದೆ, ಕಾಯ್ದೆ ಇದೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯ್ದೆ ಇಂಟರ್‌ಸ್ಟೇಟ್ ರಸ್ತೆಗಳಿಗೆ ಹಣ ಒದಗಿಸಿತು. ಅವು ಒಂದೊಂದೇ ಊರನ್ನು ಬಳಸಿಕೊಂಡು ಹೋದವು. 1984ರಲ್ಲಿ ಅರಿಜೋನಾದ ವಿಲಿಯಮ್ಸ್‌ಗೂ ಬೈಪಾಸ್ ಬಂತು. ಮರುವರ್ಷ ರೂಟ್ 66 ಸರ್ಕಾರಿ ಪಟ್ಟಿಯಿಂದಲೇ ಹೊರಬಿತ್ತು.

ಛಾಯಾಗ್ರಾಹಕರ ಅಚ್ಚುಮೆಚ್ಚಿನ ಗ್ಲೆನ್‌ರಿಯೊವನ್ನೇ ನೋಡಿ. ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊ ಗಡಿಯ ಮೇಲೆಯೇ ಕೂತ ಊರು. ಟೆಕ್ಸಾಸ್ ಬದಿಯ ಕೌಂಟಿಯಲ್ಲಿ ಪಾನನಿಷೇಧ, ಹಾಗಾಗಿ ಬಾರುಗಳೆಲ್ಲ ನ್ಯೂ ಮೆಕ್ಸಿಕೊ ಕಡೆ. ನ್ಯೂ ಮೆಕ್ಸಿಕೊದಲ್ಲಿ ಪೆಟ್ರೋಲಿಗೆ ತೆರಿಗೆ ಜಾಸ್ತಿ, ಹಾಗಾಗಿ ಬಂಕುಗಳೆಲ್ಲ ಟೆಕ್ಸಾಸ್ ಕಡೆ. ಎರಡು ಸರ್ಕಾರಗಳ ಕಾನೂನಿನ ಸಂದಿಯಲ್ಲಿ ಹೊಟ್ಟೆ ಹೊರೆದುಕೊಂಡಿದ್ದ ಊರದು. 1970ರ ದಶಕದಲ್ಲಿ ಇಂಟರ್‌ಸ್ಟೇಟ್ 40 ಪಕ್ಕದಲ್ಲೇ ಹಾದುಹೋಯಿತು, ಅಲ್ಲಿ ನಿಲ್ಲಲು ಯಾರಿಗೂ ಕಾರಣ ಉಳಿಯಲಿಲ್ಲ. ಪಾಳು ಗೋಡೆಯ ಚಿತ್ರದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಹಾಗೆಂದು ಹೊಸ ರಸ್ತೆಯನ್ನು ಖಳನಾಯಕನಾಗಿಸುವುದೂ ಅವಸರವೇ. ಹಳೆಯ ರಸ್ತೆಯ ಇಕ್ಕಟ್ಟಿನಲ್ಲಿ ಆದ ಸಾವುಗಳಿಂದಾಗಿ ಅದಕ್ಕೆ ‘ಬ್ಲಡಿ 66’ ಎಂಬ ಹೆಸರೂ ಇತ್ತು. ಇನ್ನು, ಹೆದ್ದಾರಿ ಕೈಬಿಟ್ಟ ಊರೆಲ್ಲ ಮುಳುಗಲೇಬೇಕೆಂಬ ನಿಯಮವೂ ಇಲ್ಲ. ರೂಟ್ 66 ನ್ಯೂ ಮೆಕ್ಸಿಕೊದ ಸಾಂಟಾ ಫೆ ನಗರವನ್ನು 1937ರಲ್ಲೇ ಬಿಟ್ಟು ನೇರ ದಾರಿ ಹಿಡಿಯಿತು. ರಾಜಧಾನಿಯ ಕಚೇರಿಗಳು, ಕಲೆಯ ಮಾರುಕಟ್ಟೆ ಇದ್ದ ಆ ಊರು ಜಗ್ಗಲಿಲ್ಲ. ವಿಲಿಯಮ್ಸ್‌ಗೆ ಗ್ರ್ಯಾಂಡ್ ಕ್ಯಾನಿಯನ್ ಹತ್ತಿರವಿತ್ತು. 1978ರಲ್ಲಿ ಬೈಪಾಸಿಗೆ ಸಿಕ್ಕ, ಅರಿಜೋನಾದ್ದೇ ಆದ ಸೆಲಿಗ್ಮನ್‌ಗೆ ಅಂಥದ್ದೇನೂ ಇರಲಿಲ್ಲ. ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಡಿಲೊ ಮತ್ತು ನೆರೆಹೊರೆಯವರು 1987ರಲ್ಲಿ ಸಂಘ ಕಟ್ಟಿ, ಹಳೆಯ ರಸ್ತೆಗೆ ಚಾರಿತ್ರಿಕ ಮನ್ನಣೆ ಕೊಡುವಂತೆ ರಾಜ್ಯವನ್ನು ಒಪ್ಪಿಸಿದರು. ಒಂದೇ ರಸ್ತೆ, ಒಂದೇ ಬಗೆಯ ಪೆಟ್ಟು, ಫಲ ಮಾತ್ರ ಬೇರೆ ಬೇರೆ. ಎಲ್ಲಕ್ಕೂ ಕಾಲವೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಪಾಳು ಚಿತ್ರ ಇನ್ನೂ ಒಂದನ್ನು ಚೌಕಟ್ಟಿನ ಹೊರಗಿಡುತ್ತದೆ: ಈಗ ಅಲ್ಲಿ ಇರುವವರನ್ನು. ಈ ದಾರಿಯ ಎಷ್ಟೋ ಮೋಟೆಲುಗಳನ್ನು ನಡೆಸುತ್ತ ಬಂದವರು ಗುಜರಾತಿ ಕುಟುಂಬಗಳು. ಹಿಂದಿನ ಮಾಲೀಕರಿಗೆ ಬೇಡವಾದದ್ದು ಇವರ ಕೈಗೆಟುಕುವ ಬೆಲೆಗೆ ಸಿಕ್ಕಿತು. ಮನೆಮಂದಿಯೆಲ್ಲ ಅಲ್ಲೇ ವಾಸವಿದ್ದು ದುಡಿದರು. ಪೈಪೋಟಿಯ ಮೋಟೆಲುಗಳು ‘ಅಮೆರಿಕನ್ನರ ಒಡೆತನ’ ಎಂಬ ಬೋರ್ಡು ತೂಗುಹಾಕಿ ಇವರನ್ನು ಚುಚ್ಚಿದ್ದೂ ಉಂಟು. ಒಬ್ಬರಿಗೆ ಅಳಿವಾಗಿ ಕಂಡದ್ದು ಇನ್ನೊಬ್ಬರಿಗೆ ಆರಂಭವಾಗಿತ್ತು. ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎಂಬ ಹಂಬಲವಾದರೂ ಎಲ್ಲರದಲ್ಲ. ಕಪ್ಪು ಜನ ಇದೇ ರಸ್ತೆಯಲ್ಲಿ ಹೊರಟಾಗ, ತಮಗೆ ಊಟ, ವಸತಿ ಸಿಗುವ ಜಾಗಗಳನ್ನು 1936ರಿಂದ ಪ್ರಕಟವಾಗುತ್ತಿದ್ದ ‘ಗ್ರೀನ್ ಬುಕ್’ ಎಂಬ ಕೈಪಿಡಿಯಲ್ಲಿ ಹುಡುಕಬೇಕಿತ್ತು.

ಫೋಟೊ ಕಾರಣಗಳನ್ನೂ ಹೇಳಬೇಕೆ, ಅದೇನು ವರದಿಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾಳು ಚಿತ್ರಗಳಿಂದ ಪ್ರವಾಸಿಗರು ಬರುತ್ತಾರೆ, ಕಟ್ಟಡಗಳನ್ನು ಉಳಿಸಬೇಕೆಂಬ ಆಸೆ ಹುಟ್ಟುತ್ತದೆ ಎಂಬುದೂ ನಿಜ. ಆದರೆ ಕಾರಣ ಹೇಳುವುದು ಈ ಕಲೆಗೆ ಹೊರಗಿನದಲ್ಲ. 1930ರ ದಶಕದಲ್ಲಿ ಊರು ಬಿಟ್ಟ ರೈತ ಕುಟುಂಬಗಳನ್ನು ಸೆರೆಹಿಡಿದ ಡೊರೊಥಿಯಾ ಲ್ಯಾಂಗ್, ಚಿತ್ರದ ಜೊತೆಗೆ ಅವರ ಮಾತು, ಕೂಲಿ, ಹೊರಟ ಕಾರಣಗಳನ್ನು ಬರೆದಿಡುತ್ತಿದ್ದರು. ಅದರಿಂದ ಚಿತ್ರಗಳ ಬಲ ಕುಂದಲಿಲ್ಲ.

ಹಾಗಾಗಿ ನಾನು ಕೇಳುವುದು ಚಿತ್ರದ ಕೆಳಗೆ ಎರಡು ಸಾಲು ಮಾತ್ರ: ಬೈಪಾಸ್ ಯಾವ ವರ್ಷ ಬಂತು, ಅದಕ್ಕೂ ಮೊದಲು ಊರು ಯಾವುದರಿಂದ ಬದುಕುತ್ತಿತ್ತು, ಈಗ ಯಾರಿದ್ದಾರೆ. ಕಾಲವನ್ನು ಯಾರೂ ಪ್ರಶ್ನಿಸಲಾರರು. ರಸ್ತೆಯ ನಕ್ಷೆ ಬರೆದವರನ್ನು ಪ್ರಶ್ನಿಸಬಹುದು. ಮುಂದಿನ ನಕ್ಷೆಯಲ್ಲಿ ತನ್ನ ಜಾಗ ಎಲ್ಲಿದೆಯೆಂದು ಇನ್ನೊಂದು ಊರು ಹೊತ್ತಿಗೆ ಮುಂಚೆಯೇ ಕೇಳಬಹುದು.